ಟ್ಯಾಂಕ್ ತುಂಬಿಸಿದ ದಿನವೇ ಸೋಲುವ ಎಂಜಿನ್: ಕೊಡಗಿನ ಹಿನ್ನೀರಿನ ಒಂದು ಪ್ರಕರಣ

ಕೊಡಗಿನ ಒಂದು ಹಿನ್ನೀರಿನಲ್ಲಿ ಪ್ರವಾಸಿಗರನ್ನು ಸುತ್ತಾಡಿಸುವ ದೋಣಿಯ ಎಂಜಿನ್ ಬಗ್ಗೆ ಈ ಬರಹ. ಜಾಗದ ಹೆಸರು, ಜನರ ಹೆಸರು, ಎಂಜಿನ್ ಕಂಪನಿಯ ಹೆಸರು ಬಿಟ್ಟಿದ್ದೇವೆ. ಅಂಕಿ, ಅಳತೆ, ಕೆಲಸ ನಡೆದ ಕ್ರಮ ಮಾತ್ರ ಪೂರ್ತಿ ಇದೆ. ಇನ್‌ಬೋರ್ಡ್ (ದೋಣಿಯೊಳಗೇ ಕೂರಿಸಿದ) ಡೀಸೆಲ್ ಎಂಜಿನ್ ‘ಎಳೆಯುತ್ತಿಲ್ಲ’ ಎಂಬ ದೂರು ಬಂದಾಗ ಎಲ್ಲಿಂದ ಹುಡುಕಬೇಕು, ಎಲ್ಲಿಂದ ಹುಡುಕಬಾರದು ಎನ್ನುವುದು ಇಲ್ಲಿ ಚೆನ್ನಾಗಿ ಕಾಣುತ್ತದೆ. ಎರಡು ಬೇರೆ ಬೇರೆ ತೊಂದರೆಗಳು ಒಂದೇ ದೂರಿನೊಳಗೆ ಸೇರಿಕೊಂಡಿದ್ದರಿಂದ ಆರು ವಾರ ಹೋಯಿತು.

ದೋಣಿ

26 ಅಡಿಯ ಫೈಬರ್ ದೋಣಿ. 18 ಪ್ರಯಾಣಿಕರು, ಚಾಲಕ, ಸಹಾಯಕ. ನಡುವೆ ಪೆಟ್ಟಿಗೆಯೊಳಗೆ ಮೂರು ಸಿಲಿಂಡರಿನ, ಟರ್ಬೊ (ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದ 40 ಎಚ್‌ಪಿ ಡೀಸೆಲ್ ಎಂಜಿನ್. ಪೂರ್ಣ ವೇಗ 2400 ಆರ್‌ಪಿಎಂ (ನಿಮಿಷಕ್ಕೆ ಸುತ್ತು). 2:1 ಗೇರ್‌ಬಾಕ್ಸ್, ಹಿಂದೆ 17 ಇಂಚು ವ್ಯಾಸದ, 12 ಇಂಚು ಪಿಚ್‌ನ (ಒಂದು ಸುತ್ತಿಗೆ ಲೆಕ್ಕದಲ್ಲಿ ಮುಂದೆ ಸಾಗುವ ದೂರ) ಮೂರು ರೆಕ್ಕೆಯ ಕಂಚಿನ ಪ್ರೊಪೆಲ್ಲರ್. 120 ಲೀಟರಿನ ಉಕ್ಕಿನ ಡೀಸೆಲ್ ಟ್ಯಾಂಕ್ ನೆಲಹಲಗೆಯ ಕೆಳಗೆ, ಎಂಜಿನ್ನಿಗಿಂತ ತಗ್ಗಿನಲ್ಲಿದೆ. ಈ ಕೊನೆಯ ಸಂಗತಿ ಮುಂದೆ ಮುಖ್ಯವಾಗುತ್ತದೆ.

ದೋಣಿ ಹುಟ್ಟಿದ್ದು ಕರಾವಳಿಯಲ್ಲಿ. ಅಳಿವೆಯಲ್ಲಿ ಕೆಲವು ವರ್ಷ ಓಡಿ, ಸೆಕೆಂಡ್ ಹ್ಯಾಂಡ್ ಆಗಿ ಲಾರಿಯಲ್ಲಿ ಸಂಪಾಜೆ ಘಾಟಿ ಹತ್ತಿ ಬಂತು. ಬಂದ ಮೊದಲ ವರ್ಷ ದೊಡ್ಡ ತಕರಾರಿರಲಿಲ್ಲ. ‘ಸ್ವಲ್ಪ ಹೊಗೆ ಜಾಸ್ತಿ’ ಎಂದು ಚಾಲಕ ಒಮ್ಮೆ ಹೇಳಿದ್ದನ್ನು ಯಾರೂ ಮನಸ್ಸಿಗೆ ಹಾಕಿಕೊಳ್ಳಲಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗೆ ದೋಣಿ ದಡ ಹತ್ತಿ ಶೆಡ್ಡಿನಲ್ಲಿ ಕೂರುತ್ತದೆ. ಎರಡನೇ ವರ್ಷ ನೀರಿಗಿಳಿಸುವ ಮೊದಲು ವಾಡಿಕೆಯಂತೆ ಸರ್ವಿಸ್ ಆಯಿತು: ಆಯಿಲ್, ಆಯಿಲ್ ಫಿಲ್ಟರ್, ಡೀಸೆಲ್ ಫಿಲ್ಟರ್, ಬೆಲ್ಟ್. ಆಲ್ಟರ್ನೇಟರ್ ಸುಟ್ಟಿತ್ತೆಂದು ಬೇರೊಂದು ಹಾಕಿದರು. ಟ್ಯಾಂಕಿನ ಮುಚ್ಚಳದ ರಬ್ಬರ್ ಬಿರುಕು ಬಿಟ್ಟು ಮಳೆನೀರು ಇಳಿಯುತ್ತಿತ್ತು, ಅದನ್ನೂ ಹೊಸದು ಮಾಡಿದರು. ಎಲ್ಲವೂ ಸರಿಯಾದ ಕೆಲಸವೇ. ಆದರೆ ಇವುಗಳಲ್ಲಿ ಎರಡು ಕೆಲಸಗಳೇ ಮುಂದೆ ದಾರಿ ತಪ್ಪಿಸಿದವು.

ದೂರು

ದಸರಾ ರಜೆಯ ನೂಕುನುಗ್ಗಲಿನಲ್ಲಿ ಶುರುವಾಯಿತು. ಜೆಟ್ಟಿಯಿಂದ ಹೊರಡುವಾಗ ಎಂಜಿನ್ ಸರಿ. 20–25 ನಿಮಿಷ ಪೂರ್ತಿ ಎಕ್ಸಿಲರೇಟರಿನಲ್ಲಿ ಓಡಿದ ಮೇಲೆ ಮೆಲ್ಲಗೆ ಸೋಲುತ್ತ ಬರುತ್ತದೆ, ಲಿವರ್ ಎಷ್ಟು ತಳ್ಳಿದರೂ ಏರುವುದಿಲ್ಲ. ಅರ್ಧ ಗಂಟೆ ನಿಲ್ಲಿಸಿಟ್ಟರೆ ಸ್ವಲ್ಪ ಚೇತರಿಕೆ. ಕೆಲವು ದಿನ ಈ ತೊಂದರೆ ಬರುವುದೇ ಇಲ್ಲ. ಜೊತೆಗೆ, ಹೊರಡುವಾಗಲೇ ಹಿಂದೆ ಕಪ್ಪು ಹೊಗೆ.

ಚಾಲಕನ ಬಾಯಲ್ಲಿ ಇದೆಲ್ಲ ಒಂದೇ ಮಾತಾಗಿತ್ತು: ‘ಪುಲ್ಲಿಂಗ್ ಇಲ್ಲ, ಹೊಗೆ ಕಕ್ತದೆ.’ ಕೇಳಿದ ಮೆಕ್ಯಾನಿಕ್ ಕೂಡ ಒಂದೇ ರೋಗವೆಂದು ತಿಳಿದರು. ಹೊಗೆ ಮತ್ತು ಸೋಲು ಒಂದೇ ಹೊತ್ತಿಗೆ ಬರುತ್ತವೆಯೇ, ಬೇರೆ ಬೇರೆ ಹೊತ್ತಿಗೆ ಬರುತ್ತವೆಯೇ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಕೆಲಸ ಅರ್ಧ ಮುಗಿಯುತ್ತಿತ್ತು.

ಮೊದಲು ಮಾಡಿದ್ದು

ಮೆಕ್ಯಾನಿಕ್ ಅನುಭವಸ್ಥರೇ. ಕಾಫಿ ತೋಟಗಳ ಸ್ಪ್ರಿಂಕ್ಲರ್ ಪಂಪ್‌ಸೆಟ್ಟುಗಳು ಅವರ ಕಸುಬು. ಫೆಬ್ರವರಿ–ಮಾರ್ಚ್‌ನಲ್ಲಿ ರೊಬಸ್ಟಾಗೆ ಹೂವಿನ ನೀರು ಹಾಯಿಸುವ ದಿನಗಳಲ್ಲಿ ಅವರು ರಾತ್ರಿ ಮಲಗುವುದೇ ಅಪರೂಪ. ಓಡುತ್ತ ಓಡುತ್ತ ಎಂಜಿನ್ ಸೋತರೆ ಡೀಸೆಲ್ ಸಾಲುತ್ತಿಲ್ಲ ಎಂಬ ಅವರ ಮೊದಲ ಊಹೆ ಸರಿಯಾಗಿಯೇ ಇತ್ತು.

ಡೀಸೆಲ್ ಫಿಲ್ಟರ್ ಮತ್ತೆ ಬದಲಾಯಿತು. ಡೀಸೆಲ್ಲಿನಿಂದ ನೀರು ಬೇರ್ಪಡಿಸುವ ವಾಟರ್ ಸೆಪರೇಟರಿನ ತಳದಿಂದ ಎರಡು ಚಮಚ ನೀರು ಬಂತು, ಗಾಬರಿಯಾಗುವಷ್ಟೇನಲ್ಲ. ಬ್ಲೀಡ್ ಮಾಡಿದರು (ಡೀಸೆಲ್ ದಾರಿಯಲ್ಲಿ ಸಿಕ್ಕಿದ ಗಾಳಿ ಹೊರಬಿಡುವುದು), ಗಾಳಿ ಇರಲಿಲ್ಲ. ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪಿಗೆ ಹೊಸ ಡಯಾಫ್ರಮ್ ಹಾಕಿದರು. ತೊಂದರೆ ಹೋಗಲಿಲ್ಲ.

ಆಮೇಲೆ ಸಿಲಿಂಡರಿಗೆ ಡೀಸೆಲ್ ಅಳೆದು ಕೊಡುವ ಇಂಜೆಕ್ಷನ್ ಪಂಪ್ ಮತ್ತು ಅದನ್ನು ಚಿಮ್ಮಿಸುವ ಮೂರೂ ನಾಜಲ್ ಕಳಚಿ ಕ್ಯಾಲಿಬ್ರೇಶನ್ನಿಗೆ ಮೈಸೂರಿಗೆ ಕಳಿಸಿದರು. ಒಂಬತ್ತು ದಿನ. ಆ ಬಿಡುವಿನಲ್ಲಿ ಟ್ಯಾಂಕಿನ ಡೀಸೆಲ್ ಹೊರತೆಗೆದು, ತಳ ಒರೆಸಿ, ಸೋಸಿ, 50 ಲೀಟರಷ್ಟು ಮಾತ್ರ ವಾಪಸು ಹಾಕಿದರು. ಪಂಪ್ ಕೂರಿಸಿ ಪರೀಕ್ಷೆಗೆ ಓಡಿಸಿದಾಗ ಮುಕ್ಕಾಲು ಗಂಟೆ ಎಂಜಿನ್ ಸೋಲಲಿಲ್ಲ. ಪಂಪೇ ಕಾರಣ ಎಂದು ಎಲ್ಲರೂ ನಂಬಿ ಬಿಲ್ ಪಾವತಿಸಿದರು.

ಮುಂದಿನ ಶನಿವಾರ ವಾರಾಂತ್ಯದ ಓಟಕ್ಕೆಂದು ಟ್ಯಾಂಕ್ ಬಾಯಿಮಟ್ಟ ತುಂಬಿಸಿದರು. ಎರಡನೇ ಟ್ರಿಪ್ಪಿನಲ್ಲೇ ಎಂಜಿನ್ ಸೋತಿತು.

ಈಗ ನಡೆದದ್ದು ಈ ಪ್ರಕರಣದ ದೊಡ್ಡ ತಪ್ಪು. ಇಂಜೆಕ್ಷನ್ ಪಂಪಿನ ಸೀಲು ಒಡೆದು, ಎಷ್ಟು ಡೀಸೆಲ್ ಹೋಗಬೇಕೆಂದು ಗೊತ್ತುಮಾಡುವ ಫ್ಯುಯೆಲ್ ಸ್ಕ್ರೂ ಅರ್ಧ ಸುತ್ತು ಏರಿಸಿದರು. ಪಂಪ್‌ಸೆಟ್ಟುಗಳಲ್ಲಿ ಇದು ನಡೆಯುತ್ತದೆ, ತೋಟದವರು ಖುಷಿಯಾಗುತ್ತಾರೆ. ಇಲ್ಲಿ ಆರ್‌ಪಿಎಂ 20 ಏರಿತು. ಹೊಗೆ ಮಾತ್ರ ಹಿಂದಿನ ಸೀಟಿನವರು ಮುಖ ಮುಚ್ಚಿಕೊಳ್ಳುವಷ್ಟಾಯಿತು. ಗಾಳಿ ಕಮ್ಮಿ ಇರುವ ಎಂಜಿನ್ನಿಗೆ ಡೀಸೆಲ್ ಹೆಚ್ಚು ಕೊಟ್ಟರೆ ಅದು ಉರಿಯದೆ ಮಸಿಯಾಗಿ ಹೊರಬೀಳುತ್ತದೆ, ಎಕ್ಸಾಸ್ಟ್ ಬಿಸಿ ಏರುತ್ತದೆ, ವಾಲ್ವ್ ಮತ್ತು ಪಿಸ್ಟನ್ ತಲೆಗೆ ಹೊಡೆತ ಬೀಳುತ್ತದೆ. ಸೋಲಿನ ಕಾರಣ ಇನ್ನೂ ಗೊತ್ತಿಲ್ಲದಿರುವಾಗ ಇದನ್ನು ಮುಟ್ಟಲೇಬಾರದಿತ್ತು.

ಎಂಜಿನ್ನಿನ ಹೆಡ್ (ಸಿಲಿಂಡರುಗಳ ಮೇಲಿನ ಭಾಗ) ಬಿಚ್ಚುವ ಮಾತು ಬಂದಾಗ ದೋಣಿಯವರು ಕೆಲಸ ನಿಲ್ಲಿಸಿದರು. ಇನ್ನು ಎಂಜಿನ್ ಬಿಚ್ಚುವುದಿಲ್ಲ, ಮೊದಲು ಅಳೆಯೋಣ ಎಂದು ತೀರ್ಮಾನವಾಯಿತು.

ಅಳತೆ

ನಾಲ್ಕು ನಿಯಮ ಹಾಕಿಕೊಂಡರು: ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿ ಸಲ ಅದೇ ದಾರಿ, ಅದೇ ಭಾರ, ಪ್ರಯಾಣಿಕರು ಇಲ್ಲ. ಭಾರಕ್ಕೆ ಕಾಫಿ ಚೀಲದಲ್ಲಿ ಮರಳು ತುಂಬಿ, 50 ಕಿಲೋ ಲೆಕ್ಕದಲ್ಲಿ 26 ಚೀಲ ನೆಲಹಲಗೆಯ ಮೇಲೆ ಸಮನಾಗಿ ಹಂಚಿದರು. 20 ಜನರ ತೂಕಕ್ಕೆ ಅದು ಸರಿಹೋಗುತ್ತದೆ.

ಆರ್‌ಪಿಎಂ ನೋಡಲು ಡ್ಯಾಶಿನ ಮೀಟರ್ ನಂಬಲಿಲ್ಲ. ಕ್ರ್ಯಾಂಕ್ ಪುಲ್ಲಿಗೆ ಬೆಳ್ಳಿಪಟ್ಟಿ ಅಂಟಿಸಿ ಲೇಸರ್ ಟ್ಯಾಕೋಮೀಟರಿನಿಂದ ಓದಿದರು. ಡ್ಯಾಶ್ 2300 ತೋರಿಸುವಾಗ ನಿಜಕ್ಕೆ ಇದ್ದದ್ದು 2150. ಆ ಮೀಟರ್ ಆಲ್ಟರ್ನೇಟರಿನಿಂದ ಸಿಗ್ನಲ್ ತೆಗೆದುಕೊಳ್ಳುವಂಥದ್ದು. ಹೊಸ ಆಲ್ಟರ್ನೇಟರಿನ ಪುಲ್ಲಿ ಸ್ವಲ್ಪ ಚಿಕ್ಕದು, ಹಾಗಾಗಿ ಅದು ಹೆಚ್ಚು ಸುತ್ತುತ್ತಿತ್ತು. ಇಷ್ಟು ದಿನ ‘ನೂರು ಕಮ್ಮಿ ಅಷ್ಟೇ’ ಎಂದು ಎಲ್ಲರೂ ಅಂದುಕೊಂಡಿದ್ದು 250 ಕಮ್ಮಿಯಾಗಿತ್ತು.

ನ್ಯೂಟ್ರಲ್‌ನಲ್ಲಿ ಎಂಜಿನ್ ಸಲೀಸಾಗಿ 2500 ದಾಟುತ್ತಿತ್ತು. ಮೆಕ್ಯಾನಿಕ್ ಇಷ್ಟು ದಿನ ಎಂಜಿನ್ ಚೆನ್ನಾಗಿದೆ ಎನ್ನುತ್ತಿದ್ದದ್ದೂ ಇದೇ ಪರೀಕ್ಷೆಯಿಂದ. ಪ್ರೊಪೆಲ್ಲರ್ ತಿರುಗದಿದ್ದಾಗ ಡೀಸೆಲ್ಲೂ ಹೆಚ್ಚು ಬೇಡ, ಗಾಳಿಯೂ ಬೇಡ. ಇದನ್ನು ಅವರಿಗೆ ಪಂಪ್‌ಸೆಟ್ಟಿನ ಭಾಷೆಯಲ್ಲಿ ಹೇಳಿದಾಗ ಕ್ಷಣದಲ್ಲಿ ಹಿಡಿದರು: ಡೆಲಿವರಿ ವಾಲ್ವ್ ಮುಚ್ಚಿಟ್ಟು ಓಡಿಸಿದ ಪಂಪ್‌ಸೆಟ್ ನೋಡಿ ಎಂಜಿನ್ ಹೇಗಿದೆ ಎಂದು ಯಾರಾದರೂ ಹೇಳುತ್ತಾರಾ? ಸೆಂಟ್ರಿಫ್ಯೂಗಲ್ ಪಂಪಿಗೂ ಪ್ರೊಪೆಲ್ಲರಿಗೂ ಲೆಕ್ಕ ಒಂದೇ. ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ, ವೇಗ ಎರಡರಷ್ಟಾದರೆ ಶಕ್ತಿ ಎಂಟರಷ್ಟು. ತಿರುಗಿಸಿ ನೋಡಿದರೆ, ಮುಂದೆ ಹೇಳುವ ಓಟದಲ್ಲಿ ಎಂಜಿನ್ 2150ರಿಂದ 1700ಕ್ಕೆ ಬಿದ್ದಾಗ ಮೀಟರಿನಲ್ಲಿ ಇಳಿದದ್ದು ಐದನೇ ಒಂದು ಪಾಲು, ಶಕ್ತಿಯಲ್ಲಿ ಹೋದದ್ದು ಅರ್ಧ.

ಮೊದಲ ಓಟದಲ್ಲೇ ಚಾಲಕನ ಪಕ್ಕ ಒಬ್ಬರು ಗಡಿಯಾರ ಹಿಡಿದು ಕೂತು ಬರೀ ಹೊಗೆ ನೋಡಿದರು. ಹೊರಟಾಗ 2150, ಕಪ್ಪು ಹೊಗೆ. 20ನೇ ನಿಮಿಷದವರೆಗೂ ಹಾಗೇ. ನಂತರ ಆರ್‌ಪಿಎಂ ಇಳಿಯತೊಡಗಿತು, ಇಳಿದಂತೆಲ್ಲ ಹೊಗೆ ತೆಳುವಾಗಿ 1700ರ ಹೊತ್ತಿಗೆ ಹಿಂದೆ ಏನೂ ಇಲ್ಲ. ಅಲ್ಲಿಗೆ ಒಂದು ದೂರು ಎರಡಾಗಿ ಒಡೆಯಿತು. ಹೊಗೆ ಇದ್ದಾಗ ಡೀಸೆಲ್ ಸಾಕಷ್ಟಿದೆ, ಗಾಳಿ ಸಾಲದು ಅಥವಾ ಭಾರ ಹೆಚ್ಚು. ಹೊಗೆ ಇಲ್ಲದೆ ಸೋತಾಗ ಡೀಸೆಲ್ಲೇ ಬರುತ್ತಿಲ್ಲ. ಒಂದೇ ಕಾರಣ ಈ ಎರಡನ್ನೂ ಮಾಡಲಾರದು.

ನೋಟುಪುಸ್ತಕ

ಮೊದಲು ಹೊಗೆ ಇಲ್ಲದ ಸೋಲನ್ನು ಹಿಡಿದರು. ಚಾಲಕನ ಬಳಿ ಡೀಸೆಲ್ ಹಾಕಿಸಿದ ಲೆಕ್ಕದ ಪುಸ್ತಕವಿತ್ತು. ಎಂಜಿನ್ ಕೈಕೊಟ್ಟ ದಿನಗಳಿಗೆ ಆತ ಪೆನ್ನಿನಲ್ಲಿ ಅಡ್ಡಗೆರೆ ಎಳೆದಿದ್ದ. ಆ ಗೆರೆಗಳೆಲ್ಲ 80, 100 ಲೀಟರ್ ಹಾಕಿಸಿದ ದಿನಗಳ ಪಕ್ಕವೇ ಇದ್ದವು. ಕೇಳಿದಾಗ ಆತ ಅಂದದ್ದು: ‘ಹೌದು ಅಣ್ಣ, ಟ್ಯಾಂಕ್ ಫುಲ್ ಇದ್ರೇ ಉಪದ್ರ ಜಾಸ್ತಿ. ಕಮ್ಮಿ ಇದ್ರೆ ಸಮ ಹೋಗ್ತದೆ. ಹೇಳಿದ್ರೆ ನಗ್ತೀರಿ ಅಂತ ಹೇಳ್ಲಿಲ್ಲ.’

ಟ್ಯಾಂಕಿನ ತಳದಲ್ಲಿ ಕಸವಿದ್ದರೆ, ಸಕ್ಷನ್ ಪೈಪ್ ಮೇಲುಗಡೆ ತೂತಾಗಿದ್ದರೆ ಡೀಸೆಲ್ ಕಮ್ಮಿ ಇದ್ದಾಗ ತೊಂದರೆ ಬರಬೇಕು. ಇಲ್ಲಿ ಪೂರ್ತಿ ಉಲ್ಟಾ. ತುಂಬಿದ ಟ್ಯಾಂಕಿನಲ್ಲಿ ಹೆಚ್ಚಿರುವುದು ಡೀಸೆಲ್. ಕಮ್ಮಿ ಇರುವುದು ಮೇಲಿನ ಗಾಳಿಯ ಜಾಗ. ಹಾಗಾದರೆ ಗಾಳಿಯ ಕಡೆ ನೋಡಬೇಕು.

ಸೆಪರೇಟರ್ ಮತ್ತು ಫೀಡ್ ಪಂಪಿನ ನಡುವೆ ಟೀ (ಮೂರು ಬಾಯಿಯ ಜೋಡಣೆ) ಹಾಕಿ, ಪೈಪಿನೊಳಗಿನ ಎಳೆತ ಅಳೆಯುವ ವ್ಯಾಕ್ಯೂಮ್ ಗೇಜ್ ಕೂರಿಸಿದರು. ಅದರ ಪಕ್ಕಕ್ಕೇ ಅರ್ಧ ಅಡಿ ಪಾರದರ್ಶಕ ಡೀಸೆಲ್ ಪೈಪ್, ಗುಳ್ಳೆ ಬಂದರೆ ಕಾಣಲೆಂದು. ಟ್ಯಾಂಕ್ ಬಾಯಿಮಟ್ಟ ತುಂಬಿಸಿ, ಮುಚ್ಚಳ ಬಿಗಿದು, ಮರಳು ಚೀಲದೊಂದಿಗೆ ಪೂರ್ತಿ ಎಕ್ಸಿಲರೇಟರಿನಲ್ಲಿ ಹೊರಟರು. ಶುರುವಿನಲ್ಲಿ ಗೇಜ್ 2 ಇಂಚು ಪಾದರಸ. 10 ನಿಮಿಷಕ್ಕೆ ಐದೂವರೆ. 25 ನಿಮಿಷಕ್ಕೆ 9, ಅಷ್ಟರಲ್ಲಿ ಎಂಜಿನ್ ಸೋತಿತ್ತು. ಪೈಪಿನಲ್ಲಿ ಒಂದು ಗುಳ್ಳೆಯೂ ಇಲ್ಲ.

ನಿರ್ಣಾಯಕವಾದದ್ದು ಇದರ ಮುಂದಿನ ಅರ್ಧ ನಿಮಿಷ. ಎಕ್ಸಿಲರೇಟರ್ ಪೂರ್ತಿ ಇಳಿಸಿ ಎಂಜಿನ್ ಐಡ್ಲಿಂಗಿಗೆ ತಂದರು. ಫಿಲ್ಟರ್ ಕಟ್ಟಿದ್ದರೆ ಅಥವಾ ಪೈಪ್ ಚಪ್ಪಟೆಯಾಗಿದ್ದರೆ ಹರಿವು ಕಮ್ಮಿಯಾದ ತಕ್ಷಣ ಗೇಜಿನ ಮುಳ್ಳು ಸೊನ್ನೆಯ ಹತ್ತಿರ ಬೀಳಬೇಕು, ತಡೆ ಗೊತ್ತಾಗುವುದು ಹರಿವಿದ್ದಾಗ ಮಾತ್ರ. ಇಲ್ಲಿ ಮುಳ್ಳು 7ರಲ್ಲೇ ನಿಂತಿತು. ಅಂದರೆ ಎಳೆತ ಇದ್ದದ್ದು ಪೈಪಿನಲ್ಲಲ್ಲ, ಟ್ಯಾಂಕಿನೊಳಗೆ. ಸಹಾಯಕ ಹಲಗೆ ಎತ್ತಿ ಮುಚ್ಚಳ ಸಡಿಲಿಸಿದ. ಸುಸ್ಸೆಂದು ಗಾಳಿ ಒಳಗೆ ನುಗ್ಗಿತು, ಮುಳ್ಳು ಕೆಳಗೆ ಬಿತ್ತು. ಲಿವರ್ ತಳ್ಳಿದರೆ 2150, ಜೊತೆಗೆ ಮತ್ತೆ ಕಪ್ಪು ಹೊಗೆ.

ಲೆಕ್ಕ ಹಾಕಿ ನೋಡಿದರೂ ತಾಳೆಯಾಗುತ್ತದೆ. ಪೂರ್ತಿ ಓಟದಲ್ಲಿ ಈ ಎಂಜಿನ್ ಗಂಟೆಗೆ ಸುಮಾರು 9 ಲೀಟರ್ ಕುಡಿಯುತ್ತದೆ, 25 ನಿಮಿಷಕ್ಕೆ 3.7 ಲೀಟರ್. ಬಾಯಿಮಟ್ಟ ತುಂಬಿದಾಗ ಮೇಲೆ ಉಳಿಯುವ ಗಾಳಿಯ ಜಾಗ ಸುಮಾರು 10 ಲೀಟರ್. ಹೊರಗಿನಿಂದ ಗಾಳಿ ಬರದಿದ್ದರೆ ಅದೇ ಗಾಳಿ 13.7 ಲೀಟರಿಗೆ ಹಿಗ್ಗಬೇಕು, ಒತ್ತಡ ಕಾಲು ಭಾಗಕ್ಕಿಂತ ಹೆಚ್ಚು ಬೀಳುತ್ತದೆ. ಅರ್ಧ ಟ್ಯಾಂಕಿನಲ್ಲಿ 60 ಲೀಟರ್ ಗಾಳಿ ಇರುವಾಗ ಅದೇ 3.7 ಲೀಟರ್ ಹೋದರೆ ಒತ್ತಡ ಬೀಳುವುದು ಶೇ. 6 ಮಾತ್ರ, ಫೀಡ್ ಪಂಪಿಗೆ ಅದು ತಿಳಿಯುವುದೂ ಇಲ್ಲ. ಮೈಸೂರಿನಿಂದ ಬಂದ ಪಂಪ್ ಮುಕ್ಕಾಲು ಗಂಟೆ ಓಡಿದ್ದರ ಗುಟ್ಟು ಇಷ್ಟೇ: ಆ ದಿನ ಟ್ಯಾಂಕಿನಲ್ಲಿದ್ದದ್ದು 50 ಲೀಟರ್.

ಕುಂಬಾರ ಹುಳು

ಟ್ಯಾಂಕಿನ ಬ್ರೀದರ್, ಅಂದರೆ ಅದಕ್ಕೆ ಹೊರಗಿನ ಗಾಳಿ ಬಿಡುವ ದಾರಿ, 12 ಮಿಲಿಮೀಟರ್ ಒಳವ್ಯಾಸದ ಹೋಸ್. ದೋಣಿಯ ಅಂಚಿನ ಕೆಳಗೆ ಕೊಕ್ಕೆಯಂತೆ ಬಾಗಿ ಹೊರಗೆ ಬಾಯಿ ತೆರೆಯುತ್ತದೆ. ಬಾಯಿಗೆ ಇರಬೇಕಾದ ಜಾಲರಿ ಎಂದೋ ಉದುರಿಹೋಗಿತ್ತು. ಹೋಸನ್ನು ಟ್ಯಾಂಕಿನ ಕಡೆಯಿಂದ ಕಳಚಿ, ಆ ತುದಿಯಿಂದ ಹೊರಗಡೆಗೆ ಗಾಳಿ ಹೊಡೆದರು. (ಹೊರಗಿನಿಂದ ಒಳಕ್ಕೆ ಹೊಡೆದರೆ ಕಸವೆಲ್ಲ ಟ್ಯಾಂಕ್ ಸೇರುತ್ತದೆ, ಹೋಸ್ ಕಳಚದೆ ಹೊಡೆಯುವವರೂ ಇದ್ದಾರೆ.) ಬಂದದ್ದು ಹೆಬ್ಬೆರಳಿನ ಒಂದು ಗೆಣ್ಣಿನಷ್ಟು ಉದ್ದದ ಕೆಮ್ಮಣ್ಣಿನ ಬಿರಡೆ. ಒಡೆದು ನೋಡಿದರೆ ಒಳಗೆ ಹಸಿರು ಕಂಬಳಿಹುಳುಗಳು ಮಡಚಿ ತುರುಕಿದ ಹಾಗೆ ಮೂರು. ಕುಂಬಾರ ಹುಳು ತನ್ನ ಮರಿಗೆ ಕಟ್ಟಿಟ್ಟ ಬುತ್ತಿ. ಮಣ್ಣಿನಲ್ಲಿ ಕೂದಲೆಳೆಯಷ್ಟು ಬಿರುಕು ಇದ್ದದ್ದರಿಂದಲೇ ಅರ್ಧ ಗಂಟೆ ನಿಲ್ಲಿಸಿದರೆ ಎಂಜಿನ್ ಚೇತರಿಸಿಕೊಳ್ಳುತ್ತಿದ್ದದ್ದು.

ಹುಳು ಹಿಂದಿನ ವರ್ಷವೂ ಅಲ್ಲಿ ಗೂಡು ಕಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆಗ ಮುಚ್ಚಳದ ರಬ್ಬರ್ ಬಿರುಕು ಬಿಟ್ಟಿತ್ತು, ಟ್ಯಾಂಕ್ ಅಲ್ಲಿಂದಲೇ ಉಸಿರಾಡುತ್ತಿತ್ತು. ಹೊಸ ರಬ್ಬರ್ ಆ ಕಳ್ಳದಾರಿ ಮುಚ್ಚಿತು.

ಅನುಭವಸ್ಥ ಮೆಕ್ಯಾನಿಕ್‌ಗೆ ಇದು ಹೊಳೆಯದ್ದಕ್ಕೂ ಕಾರಣವಿದೆ. ತೋಟದ ಸಣ್ಣ ಪಂಪ್‌ಸೆಟ್ಟಿನಲ್ಲಿ ಟ್ಯಾಂಕ್ ಎಂಜಿನ್ನಿನ ನೆತ್ತಿಯ ಮೇಲಿರುತ್ತದೆ, ಡೀಸೆಲ್ ತಾನೇ ಇಳಿಯುತ್ತದೆ, ಗಾಳಿಗೆ ಮುಚ್ಚಳದಲ್ಲೇ ತೂತು. ಬ್ರೀದರ್ ಎಂಬ ಬೇರೆ ಪೈಪ್ ಅಲ್ಲಿ ಇಲ್ಲವೇ ಇಲ್ಲ. ದೋಣಿಯಲ್ಲಿ ಡೀಸೆಲ್ಲನ್ನು ತಗ್ಗಿನಿಂದ ಹೀರಿ ತೆಗೆಯಬೇಕು, ಮುಚ್ಚಳ ನೀರು ಒಳಗೆ ಹೋಗದಷ್ಟು ಬಿಗಿ.

ಗೇಜ್ ಇಲ್ಲದವರಿಗೆ ಇದೇ ಪರೀಕ್ಷೆಯ ಸರಳ ರೂಪ: ಎಂಜಿನ್ ಸೋತ ಕ್ಷಣ, ದೋಣಿ ನಿಲ್ಲಿಸಿ ಮುಚ್ಚಳ ಸಡಿಲಿಸಿ. ಚೇತರಿಸಿದರೆ ಬ್ರೀದರ್. ಚೇತರಿಸದಿದ್ದರೆ 20 ಲೀಟರಿನ ಶುಚಿಯಾದ ಕ್ಯಾನ್ ಎಂಜಿನ್ ಮಟ್ಟದಲ್ಲಿಟ್ಟು ಬೇರೆ ಹೋಸಿನಿಂದ ನೇರ ಫೀಡ್ ಪಂಪಿಗೆ ಕೊಡಿ. ಎಂಜಿನ್ನಿಗೆ ಬೇಡವಾದ ಡೀಸೆಲ್ ಟ್ಯಾಂಕಿಗೆ ಮರಳುವ ರಿಟರ್ನ್ ಪೈಪನ್ನೂ ಅದೇ ಕ್ಯಾನಿಗೆ ತಿರುಗಿಸಬೇಕು, ಇಲ್ಲದಿದ್ದರೆ ಕ್ಯಾನ್ ಬೇಗ ಖಾಲಿಯಾಗಿ ಹೊಸ ಗೊಂದಲ ಹುಟ್ಟುತ್ತದೆ. ಕ್ಯಾನಿನಲ್ಲಿ ಸರಿ ಓಡಿದರೆ ತೊಂದರೆ ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ದಾರಿಯಲ್ಲಿ. ಕ್ಯಾನಿನಲ್ಲೂ ಸೋತರೆ ಆಗ ಪಂಪ್ ಬಿಚ್ಚುವ ಮಾತು. ಈ ಎರಡೂ ಪರೀಕ್ಷೆಗೆ ಒಂದು ಬೆಳಗ್ಗೆ ಸಾಕಾಗಿತ್ತು.

ಉಳಿದ ಕಪ್ಪು ಹೊಗೆ

ಬ್ರೀದರ್ ಬಿಡಿಸಿದ ಮೇಲೆ ಎಂಜಿನ್ ದಿನವಿಡೀ 2150ರಲ್ಲಿ ನಿಂತಿತು. ದೋಣಿಯವರಿಗೆ ಅಷ್ಟೇ ಸಾಕಾಗಿತ್ತು. ಆದರೆ ಪೂರ್ಣ ವೇಗ 2400 ಇರುವ ಎಂಜಿನ್ ಪೂರ್ತಿ ಎಕ್ಸಿಲರೇಟರಿನಲ್ಲಿ 2150ಕ್ಕೆ ನಿಂತು ಮಸಿ ಉಗುಳುತ್ತಿದೆ ಎಂದರೆ ಏರಿನಲ್ಲಿ ಟಾಪ್ ಗೇರಿನಲ್ಲೇ ಲಾರಿ ಎಳೆಸಿದ ಹಾಗೆ. ಇವತ್ತು ಓಡುತ್ತದೆ, ವಾಲ್ವ್ ಸುಟ್ಟ ದಿನ ನಿಲ್ಲುತ್ತದೆ.

ಮೊದಲು ಫ್ಯುಯೆಲ್ ಸ್ಕ್ರೂ ಹಳೆಯ ಗುರುತಿಗೆ ತಂದು ಸೀಲು ಹಾಕಿಸಿದರು. ಹೊಗೆ ಇಳಿಯಿತು, ಹೋಗಲಿಲ್ಲ, ಆರ್‌ಪಿಎಂ 2130. ನೀರಿನ ಬಿಸಿ 82 ಡಿಗ್ರಿ, ಸರಿ. ಎಕ್ಸಾಸ್ಟ್ ಎಲ್ಬೋ (ಹೊಗೆ ಹೊರಹೋಗುವ ಬಾಗಿದ ಕೊಳವೆ) ಬಿಚ್ಚಿ ನೋಡಿದರೆ ಮಸಿ ಎರಡು ಮಿಲಿಮೀಟರ್, ದಾರಿ ಕಟ್ಟುವಷ್ಟಲ್ಲ. ಸಮುದ್ರದ ದೋಣಿಗಳಲ್ಲಿ ಉಪ್ಪುನೀರು, ಮಸಿ ಸೇರಿ ಈ ಎಲ್ಬೋ ಮುಚ್ಚಿಹೋಗುವುದು ಮಾಮೂಲು, ಆದ್ದರಿಂದ ನೋಡಲೇಬೇಕು. ಏರ್ ಕ್ಲೀನರ್ ಹೊಸದು.

ಆಮೇಲೆ ಖರ್ಚಿಲ್ಲದ ಪರೀಕ್ಷೆ: ಪೂರ್ತಿ ವೇಗದಲ್ಲಿ ಓಡುತ್ತಿರುವಾಗಲೇ, ಬಟ್ಟೆ, ಕೈ ಬೆಲ್ಟಿನಿಂದ ದೂರವಿಟ್ಟು, ಎಂಜಿನ್ ಪೆಟ್ಟಿಗೆಯ ಮುಚ್ಚಳ ಎತ್ತಿದರು. 2130 ಇದ್ದದ್ದು 2180. ಮುಚ್ಚಳ ತೆರೆದಾಗ ವೇಗ ಏರಿದರೆ ಎಂಜಿನ್ ಗಾಳಿಗೆ ಒದ್ದಾಡುತ್ತಿದೆ ಎಂದೇ ಅರ್ಥ. ಪ್ರಯಾಣಿಕರಿಗೆ ಸದ್ದು ಕೇಳಬಾರದೆಂದು ಪೆಟ್ಟಿಗೆಯ ಒಳಗೆಲ್ಲ ಫೋಮ್ ಅಂಟಿಸಿದ್ದರು, ಎರಡು ಗಾಳಿಕಿಂಡಿಯಲ್ಲಿ ಒಂದು ಅದರ ಹಿಂದೆ ಹೂತುಹೋಗಿತ್ತು. ಫೋಮ್ ಕೊಯ್ದು ಕಿಂಡಿ ಬಿಡಿಸಿ, ಎದುರು ಬದಿಯಲ್ಲಿ ಅಷ್ಟೇ ಅಳತೆಯ ಇನ್ನೊಂದು ತೆರೆದರು.

ದೋಣಿ ದಡಕ್ಕೆಳೆದಾಗ ತಳದಲ್ಲಿ ಪಾಚಿ ಅಂಗೈ ಜಾರುವಷ್ಟಿತ್ತು. ಸಿಹಿನೀರಿನಲ್ಲಿ ಬಾರ್ನಕಲ್ (ಸಮುದ್ರದಲ್ಲಿ ದೋಣಿಯ ತಳಕ್ಕೆ ಅಂಟುವ ಚಿಪ್ಪುಜೀವಿ) ಹತ್ತುವುದಿಲ್ಲ ಎಂಬ ನೆಮ್ಮದಿಯಲ್ಲಿ ಯಾರೂ ಉಜ್ಜಿರಲಿಲ್ಲ. ಒಂದು ರೆಕ್ಕೆಯ ತುದಿ ಮುಳುಗಿದ ಮರದ ಬೊಡ್ಡೆಗೆ ಬಡಿದು ಮಡಚಿತ್ತು. ಉಜ್ಜಿ, ರೆಕ್ಕೆ ತಿದ್ದಿ, ಮತ್ತೆ 26 ಚೀಲದೊಂದಿಗೆ ಓಡಿಸಿದರೆ 2240. ಇನ್ನೂ 160 ಬಾಕಿ.

ಘಟ್ಟ ಹತ್ತಿದ ಪ್ರೊಪೆಲ್ಲರ್

ಆ 160 ಎಂಜಿನ್ನಿನ ತಪ್ಪಲ್ಲ. ಈ ದೋಣಿಗೆ ಪ್ರೊಪೆಲ್ಲರ್ ಆರಿಸಿದ್ದು ಸಮುದ್ರಮಟ್ಟದಲ್ಲಿ. ಕೊಡಗಿನ ಜಲಾಶಯಗಳ ಎತ್ತರದ ಅಂದಾಜಿಗೆ ಹಾರಂಗಿಯನ್ನೇ ತೆಗೆದುಕೊಂಡರೆ ಪೂರ್ಣ ಮಟ್ಟ 2859 ಅಡಿ, ಅಂದರೆ 870 ಮೀಟರಿನಷ್ಟು. ಆ ಎತ್ತರದಲ್ಲಿ ಗಾಳಿ ಸಮುದ್ರಮಟ್ಟಕ್ಕಿಂತ ಸುಮಾರು ಶೇ. 8 ತೆಳು. ಟರ್ಬೊ ಇಲ್ಲದ ಎಂಜಿನ್ ಪ್ರತಿ ಉಸಿರಿನಲ್ಲೂ ಅಷ್ಟು ಕಡಿಮೆ ಆಮ್ಲಜನಕ ಎಳೆಯುತ್ತದೆ. ಮೆಕ್ಯಾನಿಕಲ್ ಪಂಪಿಗೆ ಎತ್ತರದ ಅರಿವಿಲ್ಲ, ಕರಾವಳಿಯಲ್ಲಿ ಕೊಟ್ಟಷ್ಟೇ ಡೀಸೆಲ್ ಕೊಡುತ್ತದೆ. ಹೆಚ್ಚಾದದ್ದು ಮಸಿ. ಪ್ರತಿ 300 ಮೀಟರಿಗೆ ಶೇ. 3ರಷ್ಟು ಶಕ್ತಿ ಕಳೆಯಬೇಕು ಎನ್ನುವುದು ಇಂಥ ಎಂಜಿನ್ನಿಗೆ ರೂಢಿಯ ಲೆಕ್ಕ. ಕರಾವಳಿಯವರು ಆ ಪ್ರೊಪೆಲ್ಲರನ್ನು ಬಹುಶಃ ಏಳೆಂಟು ಜನರ ಭಾರಕ್ಕೆ ಆರಿಸಿದ್ದರು, ಇಲ್ಲಿ ಇಪ್ಪತ್ತು ಜನ, ಮೇಲೆ ಚಪ್ಪರ. ಮೊದಲ ವರ್ಷ ಚಾಲಕ ಹೇಳಿದ ‘ಸ್ವಲ್ಪ ಹೊಗೆ’ ಇದೇ.

ಮೂರು ದಾರಿ ಮುಂದಿದ್ದವು. ಲಿವರಿಗೆ ತಡೆ ಹಾಕಿ 1900ಕ್ಕೆ ಮೇಲೆ ಹೋಗದಂತೆ ಮಾಡುವುದು ಅಗ್ಗ, ಸುತ್ತಾಟದ ದೋಣಿಗೆ ಹಾಸ್ಯಾಸ್ಪದವೂ ಅಲ್ಲ. ಆದರೆ ಎದುರುಗಾಳಿ ಎದ್ದಾಗ, ಇನ್ನೊಂದು ದೋಣಿಯನ್ನು ಎಳೆದು ತರಬೇಕಾದಾಗ ಕೈಯಲ್ಲಿ ಏನೂ ಉಳಿಯುವುದಿಲ್ಲ. ಟರ್ಬೊ ಇರುವ ಎಂಜಿನ್ ದುಬಾರಿ. ಮೂರನೆಯದು, ಪಿಚ್ ಇಳಿಸುವುದು, ಅದನ್ನೇ ಆರಿಸಿದರು.

ಈ ಅಳತೆಯ ದೋಣಿಗೆ ಒಂದಿಂಚು ಪಿಚ್ ಇಳಿಸಿದರೆ 100ರಿಂದ 150 ಆರ್‌ಪಿಎಂ ಸಿಗುತ್ತದೆ. 160 ಬೇಕು, ಹನ್ನೆರಡರಿಂದ ಹತ್ತೂವರೆಗೆ ಇಳಿಸಲು ನಿರ್ಧಾರವಾಯಿತು. ಕೊಡಗಿನಲ್ಲಿ ಈ ಕೆಲಸದವರು ಸಿಗಲಿಲ್ಲ. ಪ್ರೊಪೆಲ್ಲರನ್ನು ಪುಲ್ಲರ್ ಹಾಕಿ ಕಳಚಿ (ಸುತ್ತಿಗೆಯಿಂದ ಹೊಡೆದರೆ ಗೇರ್‌ಬಾಕ್ಸ್ ಬೇರಿಂಗಿಗೆ ಪೆಟ್ಟು) ಮಲ್ಪೆ ಕಡೆಗೆ ಕಳಿಸಿದರು. ಅಲ್ಲಿ ಕಾಯಿಸಿ, ಅಚ್ಚಿನ ಮೇಲೆ ಬಗ್ಗಿಸಿ, ಮೂರೂ ರೆಕ್ಕೆ ಸಮ ಮಾಡಿ, ಬ್ಯಾಲೆನ್ಸ್ ನೋಡಿ ಕೊಟ್ಟರು. ವಾಪಸು ಹಾಕುವಾಗ ಶಾಫ್ಟಿನ ಇಳಿಜಾರಿಗೆ ನೀಲಿ ಬಣ್ಣ ಸವರಿ ಪ್ರೊಪೆಲ್ಲರಿನ ಒಳಬಾಯಿ ಸುತ್ತಲೂ ಕೂರುತ್ತದೆಯೇ ಎಂದು ನೋಡಿ ನಟ್ಟು ಬಿಗಿದರು.

ಪೂರ್ತಿ ಭಾರದಲ್ಲಿ 2410. ಏರುವಾಗ ಒಂದು ಕ್ಷಣ ತೆಳು ಹೊಗೆ, ನಂತರ ಇಲ್ಲ. ಗರಿಷ್ಠ ವೇಗ ಗಂಟೆಗೆ 12.1 ಕಿಲೋಮೀಟರ್ ಇದ್ದದ್ದು 12.4. ಇದಕ್ಕೆ ಬೆಲೆ ತೆತ್ತದ್ದೂ ಇದೆ: ಮೊದಲು 1900ರಲ್ಲಿ ಸಿಗುತ್ತಿದ್ದ ವೇಗಕ್ಕೆ ಈಗ 2000 ಓಡಿಸಬೇಕು, ಸದ್ದು ಸ್ವಲ್ಪ ಹೆಚ್ಚು. ‘ಎಂಜಿನ್ ಜಾಸ್ತಿ ಸುತ್ತುತ್ತದೆ, ದೋಣಿ ಹೋಗುವುದಿಲ್ಲ’ ಎಂದು ಚಾಲಕ ಕೆಲವು ದಿನ ಗೊಣಗಿದ. ವಾರದ ಡೀಸೆಲ್ ಲೆಕ್ಕ ಹೆಚ್ಚಲಿಲ್ಲವೆಂದು ಅವನ ಪುಸ್ತಕವೇ ತೋರಿಸಿತು. ಡ್ಯಾಶ್ ಮೀಟರನ್ನು ಲೇಸರಿಗೆ ಹೋಲಿಸಿ, ಹಿಂದಿನ ಸ್ಕ್ರೂ ತಿರುಗಿಸಿ ಸರಿಮಾಡಿದರು. ವ್ಯಾಕ್ಯೂಮ್ ಗೇಜ್ ಕಳಚದೆ ಅಲ್ಲೇ ಬಿಟ್ಟರು; ಫಿಲ್ಟರ್ ಯಾವಾಗ ಬದಲಿಸಬೇಕೆಂದು ಈಗ ಅದೇ ಹೇಳುತ್ತದೆ.

ಮುಂದಿನ ಜೂನ್‌ನಲ್ಲಿ ದೋಣಿ ಶೆಡ್ಡಿಗೆ ಹೋಗುವಾಗ ಟ್ಯಾಂಕ್ ಬಾಯಿಮಟ್ಟ ತುಂಬಿಸಿದರು. ಮಳೆಗಾಲದ ತೇವಕ್ಕೆ ಖಾಲಿ ಟ್ಯಾಂಕಿನ ಗೋಡೆಯಲ್ಲಿ ನೀರು ಬೆವರುತ್ತದೆ. ಬ್ರೀದರ್ ಬಾಯಿಗೆ ಒಂದು ಮಿಲಿಮೀಟರ್ ಕಣ್ಣಿನ ಹಿತ್ತಾಳೆ ಜಾಲರಿ ಹಾಕಿ, ಮೇಲೆ ಕೆಂಪು ಬಟ್ಟೆ ಕಟ್ಟಿ, ಅದೇ ಬಟ್ಟೆಯ ಇನ್ನೊಂದು ತುಂಡನ್ನು ಎಂಜಿನ್ ಕೀಲಿಗೆ ಗಂಟು ಹಾಕಿದರು, ಬಿಚ್ಚುವುದು ಮರೆಯದಿರಲೆಂದು. ಸೆಪ್ಟೆಂಬರ್ ಕೊನೆಗೆ ಪೂರ್ತಿ ಟ್ಯಾಂಕ್, 26 ಚೀಲದೊಂದಿಗೆ ಮುಕ್ಕಾಲು ಗಂಟೆ ಓಟ: ಗೇಜ್ 2ರಲ್ಲೇ, ಆರ್‌ಪಿಎಂ 2400. ಜೆಟ್ಟಿಗೆ ಬರುವಾಗ ಚಾಲಕ ಹಾರ್ನ್ ಒತ್ತಿದ, ಸದ್ದಿಲ್ಲ. ಹುಳು ಈ ಸಲ ಅದರ ಬಾಯಲ್ಲಿ ಮನೆ ಕಟ್ಟಿತ್ತು.